ಹ್ಯಾಂಡ್‌ಬಾಲ್: ಪಾಸ್ ಮತ್ತು ಡ್ರಿಬಲ್ ಅಭ್ಯಾಸ ಮಾಡಿಸುವ ಬಗೆ

ಹ್ಯಾಂಡ್‌ಬಾಲ್‌ನಲ್ಲಿ ಚೆಂಡು ಹಿಡಿದ ಆಟಗಾರನಿಗೆ ಮೂರು ಹೆಜ್ಜೆ ಮತ್ತು ಮೂರು ಸೆಕೆಂಡುಗಳಷ್ಟೇ ಅವಕಾಶ ಇರುವುದರಿಂದ, ನಿಂತಲ್ಲೇ ಚೆಂಡು ಎಸೆದಾಡುವ ಅಭ್ಯಾಸವನ್ನು ಮೊದಲ ಕೆಲವು ದಿನಗಳಿಗೆ ಸೀಮಿತಗೊಳಿಸಿ, ಬೇಗನೆ ಓಡುತ್ತಾ ಪಾಸ್ ಮಾಡುವುದಕ್ಕೆ ಬರಬೇಕು. ಹನ್ನೆರಡರಿಂದ ಹದಿನಾರು ವರ್ಷದ ಹುಡುಗರಿಗೆ 54ರಿಂದ 56 ಸೆಂ.ಮೀ. ಸುತ್ತಳತೆಯ ಎರಡನೇ ಅಳತೆಯ ಚೆಂಡು ಸಾಕು. ದೊಡ್ಡ ಚೆಂಡು ಕೊಟ್ಟರೆ ಬೆರಳ ಹಿಡಿತ ಸಿಗದೆ ಎಸೆತವೇ ಕೆಡುತ್ತದೆ.

ಇಬ್ಬಿಬ್ಬರನ್ನು ಆರೇಳು ಮೀಟರ್ ಅಂತರದಲ್ಲಿ ನಿಲ್ಲಿಸಿ, 40 ಮೀಟರ್ ಉದ್ದದ ಅಂಕಣದ ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತಾ ಪಾಸ್ ಮಾಡಿಸಿ. ಎಸೆಯುವಾಗ ಮೊಣಕೈ ಭುಜಕ್ಕಿಂತ ಕೆಳಗಿಳಿಯಬಾರದು. ಚೆಂಡು ಜೊತೆಗಾರನ ಎದೆಮಟ್ಟದಲ್ಲಿ, ಅವನಿಗಿಂತ ತುಸು ಮುಂದೆ ಹೋಗಬೇಕು. ಹಿಡಿಯುವವನು ಎರಡೂ ಕೈಗಳನ್ನು ಮುಂದೆ ಚಾಚಿ ಅದನ್ನು ಎದುರುಗೊಳ್ಳಬೇಕು.

ಇದು ಹಿಡಿತಕ್ಕೆ ಬಂದ ಮೇಲೆ ಮೂವರನ್ನು ಗೋಲಿನ ಎದುರಿನ ಒಂಬತ್ತು ಮೀಟರ್ ಗೆರೆಯ ಹೊರಗೆ ಎಡ, ನಡು, ಬಲಗಳಲ್ಲಿ ನಿಲ್ಲಿಸಿ. ಎದುರಿಗೆ ಕೋನ್‌ಗಳನ್ನಿಟ್ಟು ರಕ್ಷಕರೆಂದು ಭಾವಿಸಿಕೊಳ್ಳಿ. ಚೆಂಡು ತನ್ನತ್ತ ಬರುವ ಮೊದಲೇ ಓಟ ಆರಂಭಿಸಿ, ಎರಡು ಕೋನ್‌ಗಳ ನಡುವಿನ ತೆರವಿನತ್ತ ಗೋಲಿಗೆ ಎಸೆಯುವವನಂತೆಯೇ ನುಗ್ಗಿ, ಎರಡನೆಯ ಅಥವಾ ಮೂರನೆಯ ಹೆಜ್ಜೆಯಲ್ಲಿ ಪಕ್ಕದವನಿಗೆ ಪಾಸ್ ಕೊಟ್ಟು, ಗೋಲಿಗೆ ಬೆನ್ನು ತಿರುಗಿಸದೆ ಹಿಂದಕ್ಕೆ ಸರಿಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಅಭ್ಯಾಸದ ತಿರುಳು ಇದೇ. ಗೋಲನ್ನು ನೋಡದೆ ಪಕ್ಕಕ್ಕಷ್ಟೇ ಓಡಿದರೆ ಯಾವ ರಕ್ಷಕನೂ ತನ್ನ ಜಾಗ ಬಿಡುವುದಿಲ್ಲ. ಕೋನ್‌ಗಳ ಬದಲು ಮುಂದೆ ಜೀವಂತ ರಕ್ಷಕರನ್ನು ನಿಲ್ಲಿಸಿ.

ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವ ಡ್ರಿಬಲ್‌ಗೆ ಕಡಿಮೆ ಹೊತ್ತು ಸಾಕು. ಪ್ರತಿದಾಳಿಯಲ್ಲಿ ಮುಂದೆ ಯಾರೂ ಇಲ್ಲದಿದ್ದಾಗ ಅಥವಾ ಪಾಸ್‌ಗೆ ದಾರಿ ಸಿಗದಿದ್ದಾಗ ಮಾತ್ರ ಅದು ಉಪಯುಕ್ತ. ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಮಕ್ಕಳು ಚೆಂಡು ಸಿಕ್ಕೊಡನೆ ನೆಲಕ್ಕೆ ತಟ್ಟತೊಡಗುವುದನ್ನು ಮೊದಲು ಬಿಡಿಸಬೇಕು. ಅಂಗೈಯಿಂದ ಹೊಡೆಯದೆ ಬೆರಳುಗಳಿಂದ ಒತ್ತಿ, ಚೆಂಡನ್ನು ಪಾದದ ಪಕ್ಕಕ್ಕೆ ತುಸು ಮುಂದೆ ಪುಟಿಸುತ್ತಾ ಕೋನ್‌ಗಳ ನಡುವೆ ಸಾಗಲಿ. ಆಗ ತರಬೇತುದಾರರು ಬೆರಳುಗಳನ್ನು ತೋರಿಸಿ ಎಣಿಸಿ ಹೇಳಲು ಕೇಳಿದರೆ ತಲೆ ತಾನಾಗಿ ಮೇಲೇಳುತ್ತದೆ. ಬಳಿಕ ಮೂರು ಹೆಜ್ಜೆ, ಒಂದು ಪುಟಿತ, ಮತ್ತೆ ಮೂರು ಹೆಜ್ಜೆ, ಗೋಲಿಗೆ ಎಸೆತ ಎಂಬ ಸರಣಿಯನ್ನು ಮಾಡಿಸಿ. ಪುಟಿಸಿ ಹಿಡಿದ ಚೆಂಡನ್ನು ಮತ್ತೆ ಪುಟಿಸುವಂತಿಲ್ಲ.

ಕೊನೆಗೆ ನಾಲ್ವರ ವಿರುದ್ಧ ಮೂವರು ರಕ್ಷಕರನ್ನಿಟ್ಟು, ಡ್ರಿಬಲ್ ನಿಷೇಧಿಸಿ ಆಡಿಸಿ. ಗೋಲಿಗೆ ಯತ್ನಿಸದೆ ಚೆಂಡನ್ನು ಸುಮ್ಮನೆ ತಮ್ಮಲ್ಲೇ ಇಟ್ಟುಕೊಳ್ಳುವ ನಿಷ್ಕ್ರಿಯ ಆಟದ ಎಚ್ಚರಿಕೆ ನೀಡುವ ತೀರ್ಪುಗಾರರಂತೆ ನೀವು ನಡುವೆ ಕೈಯೆತ್ತಿದರೆ, 2022ರಿಂದ ಜಾರಿಯಲ್ಲಿರುವ ನಿಯಮದಂತೆ ನಾಲ್ಕು ಪಾಸ್‌ಗಳ ಒಳಗೆ ಅವರು ಗೋಲಿಗೆ ಎಸೆಯಲೇಬೇಕು.