ಬಸ್ಸಲ್ಲಿ ಜೇಬಿಗೆ ಬ್ಲೇಡ್ ಬಿದ್ದರೆ: ಮೊದಲು ಸಿಮ್, ಬೈಗುಳ ಆಮೇಲೆ

ಹಾಸನದ ಹೊಸ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರು ಬಸ್ ಹತ್ತುವಾಗ ನನ್ನ ಹೊಟ್ಟೆ ತುಂಬಿತ್ತು, ಮನಸ್ಸು ತುಂಬಿತ್ತು, ಜೇಬೂ ತುಂಬಿತ್ತು. ಬೇಲೂರು ಬರುವ ಹೊತ್ತಿಗೆ ಮೊದಲೆರಡು ಮಾತ್ರ ಉಳಿದಿದ್ದವು.

ಕಾಲೇಜಿನ ಹಳೇ ಗ್ಯಾಂಗ್ ಎಷ್ಟೋ ವರ್ಷದ ಮೇಲೆ ಸೇರಿತ್ತು. ಬಿ.ಎಂ. ರಸ್ತೆಯ ಒಂದು ಹೋಟೆಲಿನಲ್ಲಿ ಊಟ, ಯಾರು ಯಾರಿಗೆ ಚೀಟಿ ಕೊಟ್ಟಿದ್ದ ಅನ್ನೋ ಹಳೇ ಪಂಚಾಯ್ತಿ, ಬಿಲ್ ನಾನು ಕೊಡ್ತೀನಿ ತಾನು ಕೊಡ್ತೀನಿ ಅಂತ ಕಿತ್ತಾಟ. ಇಬ್ಬರು ಬಸ್ಸಿನ ತನಕ ಬಿಡಲು ಬಂದರು. ಶನಿವಾರ ರಾತ್ರಿ, ಬಾಗಿಲಲ್ಲಿ ನೂಕುನುಗ್ಗಲು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಿಂದೆ ತಿರುಗಿ ಕೈ ಬೀಸುತ್ತಿದ್ದೆ. ಮುಂದಿದ್ದವನು ಮೆಟ್ಟಿಲಲ್ಲೇ ನಿಂತು "ಚಿಲ್ಲರೆ ಬಿತ್ತು ಅಣ್ಣ, ಒಂದ್ನಿಮಿಷ" ಅಂತ ಬಗ್ಗಿದ. ಹಿಂದಿದ್ದವನು ತಳ್ಳಿದ. ಅಷ್ಟೇ ಆಗಿದ್ದು.

ಸೀಟು ಸಿಕ್ಕಿತು. ಟಿಕೆಟ್ ದುಡ್ಡು ಶರ್ಟಿನ ಜೇಬಲ್ಲಿತ್ತು, ಕೊಟ್ಟೆ, ನಿದ್ದೆ ಹೋದೆ. ಬೇಲೂರಿನಲ್ಲಿ ಗಂಟೆ ಎಷ್ಟಾಯ್ತು ನೋಡೋಣ ಅಂತ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಬೆರಳು ಆ ಕಡೆಯಿಂದ ಹೊರಗೆ ಬಂತು. ಸ್ಕೇಲ್ ಇಟ್ಟು ಎಳೆದ ಹಾಗೆ ನಾಲ್ಕು ಬೆರಳುದ್ದ ಸೀಳು, ಒಂದು ನೂಲೂ ಎದ್ದಿರಲಿಲ್ಲ. ಫೋನ್ ಇಲ್ಲ, ಕರ್ಚೀಫ್ ಮಾತ್ರ ಬಿಟ್ಟಿದ್ದರು. ಹಿಂದಿನ ಜೇಬಿನ ಪರ್ಸಿಗೆ ಬ್ಲೇಡೂ ಬೇಕಾಗಿರಲಿಲ್ಲ.

ಆಮೇಲೆ ಒಂದು ಗಂಟೆ ನಾನು ಮಾಡಿದ್ದೆಲ್ಲ ಉಲ್ಟಾ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಹೀಗಾದರೆ ಕೆಲಸ ಒಂದು ಕ್ರಮದಲ್ಲಿ ಆಗಬೇಕು, ಆ ಕ್ರಮ ಅಷ್ಟು ಗಾಬರಿಯಲ್ಲಿ ತಲೆಗೆ ಹೊಳೆಯುವುದಿಲ್ಲ.

ಬಸ್ಸಲ್ಲೇ ಕೂತು ಮಾಡಬೇಕಾದ್ದು

ಹಿಂದೆ ಓಡಬೇಡಿ. ಜೇಬಿಗೆ ಕೈ ಬಿದ್ದಿದ್ದು ಆ ಕ್ಷಣವೇ ಗೊತ್ತಾದರೆ ಕೂಗಿ, ಕಂಡಕ್ಟರ್‌ಗೆ ಬಾಗಿಲು ಹಾಕಲು ಹೇಳಿ, 112ಕ್ಕೆ ಫೋನ್ ಮಾಡಿಸಿ. ಆದರೆ ನನ್ನ ಹಾಗೆ ನಲವತ್ತು ಕಿಲೋಮೀಟರ್ ಆದಮೇಲೆ ಎಚ್ಚರವಾಗಿ "ಎಲ್ಲರನ್ನೂ ಚೆಕ್ ಮಾಡಿ" ಅಂತ ಗಲಾಟೆ ಮಾಡಿದರೆ ನಗೆಪಾಟಲು. ಬಾಗಿಲಲ್ಲಿ ಕೆಲಸ ಮುಗಿಸುವವರು ಸಾಮಾನ್ಯವಾಗಿ ಬಸ್ ಹತ್ತುವುದೇ ಇಲ್ಲ. ಕಂಡಕ್ಟರ್ ಅದನ್ನೇ ಹೇಳಿದರು, "ಹಾಸನದಲ್ಲೇ ಹೋಗಿದೆ ಸಾರ್, ಇಲ್ಲಿ ಹುಡುಕಿ ಏನು ಪ್ರಯೋಜನ?"

ನಿಮ್ಮ ನಂಬರಿಗೆ ನೀವೇ ಮತ್ತೆ ಮತ್ತೆ ಫೋನ್ ಮಾಡುತ್ತಾ ಕೂರಬೇಡಿ. ಒಂದು ಸಲ ಮಾಡಿ ನೋಡಿ, ಸಾಕು. ನಾನು ಪಕ್ಕದವರ ಫೋನಿಂದ ಹತ್ತು ಸಲ ಮಾಡಿದೆ. ಎರಡು ಸಲ ರಿಂಗ್ ಆಯ್ತು, ಮೂರನೇ ಸಲಕ್ಕೆ ಸ್ವಿಚ್ ಆಫ್. ಆಮೇಲೂ ಮಾಡುತ್ತಲೇ ಇದ್ದೆ, ಹುಚ್ಚನ ಹಾಗೆ.

ಮೊದಲ ಕೆಲಸ ಸಿಮ್ ಬ್ಲಾಕ್. ಪೊಲೀಸ್ ಅಲ್ಲ, ಬ್ಯಾಂಕೂ ಅಲ್ಲ. ಯಾಕೆ ಅಂದರೆ, ಫೋನಿಗೆ ಲಾಕ್ ಇದೆ ಅಂತ ನಾವು ಧೈರ್ಯವಾಗಿರುತ್ತೇವೆ, ಆದರೆ ಕಳ್ಳನಿಗೆ ನಿಮ್ಮ ಫೋನ್ ತೆರೆಯೋ ಅವಸರವೇ ಇಲ್ಲ. ಒಂದು ಪಿನ್ ಚುಚ್ಚಿ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಎಲ್ಲ ಅಲ್ಲಿಗೆ ಬರುತ್ತವೆ. ಅದರ ಜೊತೆ ಡೆಬಿಟ್ ಕಾರ್ಡೂ ಸಿಕ್ಕಿದ್ದರೆ ಇನ್ನೂ ಸುಲಭ, ಹೊಸ ಯುಪಿಐ ಪಿನ್ ಹಾಕಲು ಕಾರ್ಡಿನ ಕೊನೆಯ ಆರು ಅಂಕಿ, ಮುಗಿಯುವ ತಿಂಗಳು ಮತ್ತು ಒಂದು ಒಟಿಪಿ ಇದ್ದರೆ ಎಷ್ಟೋ ಕಡೆ ಸಾಕು. ಈಗ ಹೇಳಿ, ನಿಮ್ಮ ಡೆಬಿಟ್ ಕಾರ್ಡ್ ಎಲ್ಲಿದೆ? ಫೋನಿನ ಹಿಂದಿನ ಕವರಲ್ಲಿ ಅಲ್ವಾ? ನಂದೂ ಅಲ್ಲೇ ಇತ್ತು. ಬೀಗ, ಬೀಗದ ಕೈ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಕೊಟ್ಟ ಹಾಗೆ.

ನಿಮ್ಮದೇ ಕಂಪನಿಯ ಸಿಮ್ ಇರುವ ಯಾರಾದರೂ ಬಸ್ಸಲ್ಲಿ ಇದ್ದೇ ಇರುತ್ತಾರೆ. ಅವರ ಫೋನಿಂದ 198ಕ್ಕೆ ಮಾಡಿ. ಹೆಸರು, ಹುಟ್ಟಿದ ತಾರೀಕು, ವಿಳಾಸ ಇಂಥದ್ದು ಕೇಳುತ್ತಾರೆ. ಬ್ಲಾಕ್ ಆದಮೇಲೆ ಕಂಪ್ಲೇಂಟ್ ನಂಬರ್ ಕೇಳಿ ಟಿಕೆಟ್ ಹಿಂದೆ ಬರೆದುಕೊಳ್ಳಿ. ಟಿಕೆಟ್ ಬಿಸಾಡಲೇಬೇಡಿ, ತಾರೀಕು ಸಮಯ ಅದರ ಮೇಲೇ ಅಚ್ಚಾಗಿರುತ್ತದೆ, ನಾಳೆ ಠಾಣೆಯಲ್ಲಿ ಬೇಕು. ಇಳಿಯುವಾಗ ಬಸ್ಸಿನ ನಂಬರನ್ನೂ ಬರೆದುಕೊಳ್ಳಿ.

ಎರಡನೆಯದು ಬ್ಯಾಂಕ್. ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲು ಹೇಳಿ. ತೊಂದರೆ ಏನೆಂದರೆ ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆ ಇರುತ್ತದೆ, ಕಾರ್ಡ್ ಕಳ್ಳನ ಹತ್ತಿರ. ಮನೆಯವರಿಗೆ ಫೋನ್ ಮಾಡಿ ಪಾಸ್‌ಬುಕ್ ನೋಡಿ ಅಂತ ಹೇಳೋಣ ಅಂದುಕೊಂಡೆ. ಕಂಡಕ್ಟರ್ ತಮ್ಮ ಫೋನ್ ಕೊಟ್ಟು "ನಂಬರ್ ಹೇಳಿ ಸಾರ್" ಅಂದರು. ಹೆಂಡತಿ ನಂಬರ್ ನೆನಪಿಲ್ಲ! ಹದಿನೈದು ವರ್ಷದ ಸಂಸಾರ, ಒಂದು ಅಂಕಿ ನೆನಪಾಗಬೇಕಲ್ಲ. ನೆನಪಿಗೆ ಬಂದಿದ್ದು ಹಾಸನದಲ್ಲಿ ಕೈ ಬೀಸಿದ ಗೆಳೆಯನ ಮನೆಯ ಹಳೇ ಲ್ಯಾಂಡ್‌ಲೈನ್, 08172 ಸಮೇತ. ಆ ಫೋನ್ ಕಿತ್ತುಹಾಕಿ ಎಷ್ಟು ಕಾಲವಾಯ್ತೋ. ಇವತ್ತೇ ಎರಡು ನಂಬರ್ ಬಾಯಿಪಾಠ ಮಾಡಿ, ಮಕ್ಕಳಿಗೆ ಮಗ್ಗಿ ಹೇಳಿಸುತ್ತೇವಲ್ಲ ಹಾಗೆ.

ಈ ಗಡಿಬಿಡಿಯಲ್ಲಿ ಮನೆ ಸೇರಿ ಕಾರ್ಡ್ ಬ್ಲಾಕ್ ಮಾಡುವಾಗ ರಾತ್ರಿ ಹನ್ನೊಂದಾಗಿತ್ತು. ಐದು ಸಾವಿರದವರೆಗೆ ಕಾರ್ಡ್ ತಟ್ಟಿದರೆ ಸಾಕು, ಪಿನ್ ಬೇಡ ಅನ್ನೋ ಸೌಲಭ್ಯ ಇದೆಯಲ್ಲ, ಅದನ್ನು ನನಗಿಂತ ಚೆನ್ನಾಗಿ ಆ ಮಹಾನುಭಾವ ಬಳಸಿದ್ದ. ಒಂದು ಸಲ ಪೆಟ್ರೋಲ್ ಬಂಕಲ್ಲಿ, ಇನ್ನೊಂದು ಸಲ ವೈನ್ ಶಾಪಲ್ಲಿ. ಎರಡನೆಯದರ ಸಮಯ ನೋಡಿದರೆ ನಾನು ಬೇಲೂರು ದಾಟಿ ನನ್ನದೇ ಫೋನಿಗೆ ರಿಂಗ್ ಕೊಡುತ್ತಾ ಕೂತಿದ್ದ ಹೊತ್ತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ತಿಳಿಸಿದ ನಿಮಿಷಕ್ಕೆ ಬೆಲೆ ಇದೆ. ದೂರಿನ ನಂಬರ್, ಸಮಯ ಎರಡೂ ಬರೆದಿಟ್ಟುಕೊಳ್ಳಿ. ಖಾತೆಯಿಂದ ದುಡ್ಡು ಹೋಗಿದೆ ಅಂತ ಗೊತ್ತಾದರೆ 1930ಕ್ಕೂ ತಕ್ಷಣ ಮಾಡಿ, ದುಡ್ಡು ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಯಲು ಇರುವ ನಂಬರ್ ಅದು.

ಫೋನ್ ಹುಡುಕುವ ವಿಷಯ. ಬೇರೆಯವರ ಫೋನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು ಫೋನ್ ಎಲ್ಲಿದೆ ನೋಡಬಹುದು, ಲಾಕ್ ಮಾಡಬಹುದು. ಆದರೆ ಗೂಗಲ್ "ನಿಮ್ಮ ಫೋನಿಗೆ ಒಂದು ಸಂದೇಶ ಕಳಿಸಿದ್ದೇವೆ, ಹೌದು ಅಂತ ಒತ್ತಿ" ಅನ್ನುತ್ತದೆ. ಆ ಫೋನೇ ತಾನೇ ಹೋಗಿರೋದು! ಇದಕ್ಕೇ ಬ್ಯಾಕಪ್ ಕೋಡ್ ಅಂತ ಕೊಡುತ್ತಾರೆ, ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಲಾಕ್ ಮೊದಲು ಮಾಡಿ, ಪೂರ್ತಿ ಅಳಿಸುವ ಬಟನ್ ಕೊನೆಗೆ, ಅಳಿಸಿದ ಮೇಲೆ ಫೋನ್ ಎಲ್ಲಿದೆ ಅಂತ ಕಾಣುವುದಿಲ್ಲ. ಮ್ಯಾಪಲ್ಲಿ ಚುಕ್ಕೆ ಕಂಡಿತು ಅಂತ ಗೆಳೆಯರನ್ನು ಕಟ್ಟಿಕೊಂಡು ಆ ಗಲ್ಲಿಗೆ ಮಾತ್ರ ನುಗ್ಗಬೇಡಿ. ನನ್ನ ಗ್ಯಾಂಗ್ ಬೈಕ್ ತೆಗೆದು ರೆಡಿ ಆಗಿತ್ತು, ನಲವತ್ತೈದರ ಗಂಡಸರು, ಒಬ್ಬನಿಗೆ ಸ್ಟೆಂಟ್ ಹಾಕಿದೆ.

ಠಾಣೆಯಲ್ಲಿ ಒಂದು ಪದ

ಹಾಸನದಲ್ಲಿ ಕಳವು, ಬೇಲೂರಲ್ಲಿ ಗೊತ್ತಾಯ್ತು, ಮನೆ ಚಿಕ್ಕಮಗಳೂರು. ದೂರು ಎಲ್ಲಿ? ಎಲ್ಲಿ ಬೇಕಾದರೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲಿ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು ಅಂತಲೇ ಇದೆ. ಜೀರೋ ಎಫ್‌ಐಆರ್ ಅನ್ನುತ್ತಾರಲ್ಲ, ಅದು. ಆಮೇಲೆ ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. "ನಮ್ ಲಿಮಿಟ್ಸ್ ಅಲ್ಲ" ಅಂದರೆ ಜಗಳ ಆಡದೆ ಈ ಕಲಂ ನಂಬರ್ ಹೇಳಿ ಸುಮ್ನೆ ಕೂತುಕೊಳ್ಳಿ. ಆಗಲೂ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅದೂ ಅದೇ ಕಲಂನಲ್ಲಿದೆ. ಎಫ್‌ಐಆರ್ ಪ್ರತಿ ಉಚಿತ.

ನಾನು ಹೋದ ಠಾಣೆಯಲ್ಲಿ ಒಬ್ಬರು ತುಂಬಾ ಪ್ರೀತಿಯಿಂದಲೇ ಹೇಳಿದರು, "ಕಳೆದುಹೋಗಿದೆ ಅಂತ ಬರ್ಕೊಡಿ ಸಾರ್, ಬೇಗ ಆಗ್ತದೆ." ಇಲ್ಲೇ ಎಚ್ಚರ. ಕಳೆದುಹೋಗಿದೆ ಅಂದರೆ ಒಂದು ಸ್ವೀಕೃತಿ ಚೀಟಿ ಸಿಗುತ್ತದೆ, ಅದನ್ನು ಮನೆಯಲ್ಲೇ ಕೂತು ಪೊಲೀಸ್ ಇಲಾಖೆಯ ಇ-ಲಾಸ್ಟ್ ಆ್ಯಪಲ್ಲೂ ತೆಗೆಯಬಹುದು. ಆದರೆ ಅಲ್ಲಿ ಕಳ್ಳ ಅನ್ನೋನೇ ಇರುವುದಿಲ್ಲ, ಕಳ್ಳ ಇಲ್ಲದ ಮೇಲೆ ತನಿಖೆ ಎಲ್ಲಿಂದ? ಫೋನಿಗೆ ಇನ್ಶೂರೆನ್ಸ್ ಮಾಡಿಸಿದ್ದವರು ಎಫ್‌ಐಆರ್ ಇಲ್ಲದೆ ಒದ್ದಾಡುವುದೂ ಇಲ್ಲೇ. ಜೇಬು ಸೀಳಿದೆ, ಪ್ಯಾಂಟ್ ತೋರಿಸಿ, "ಕಳವು" ಅಂತ ಬರೆಯಿರಿ. ಹಾಗಂತ ಸಿಟ್ಟಲ್ಲಿ "ದರೋಡೆ" ಅಂತಲೂ ಬರೆಯಬೇಡಿ. ಹೆದರಿಸಿ ಹೊಡೆದು ಕಿತ್ತುಕೊಂಡರೆ ಸುಲಿಗೆ, ಅದನ್ನೇ ಐದು ಜನ ಅಥವಾ ಜಾಸ್ತಿ ಸೇರಿ ಮಾಡಿದರೆ ದರೋಡೆ. ನಮ್ಮದು ಪಾಪ, ಬರೀ ಕಳವು. ಸಾಮಾನ್ಯ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದಿರುವ ಕಾನೂನು) 303ನೇ ಕಲಂ, ಮೂರು ವರ್ಷದವರೆಗೆ ಜೈಲು. ಪ್ರಯಾಣಿಕರ ವಾಹನದೊಳಗಿಂದ ಸಾಮಾನು ಕದ್ದರೆ 305, ಏಳು ವರ್ಷದವರೆಗೆ. ಯಾವ ಕಲಂ ಅನ್ನೋದು ಅವರ ತಲೆನೋವು, ನಡೆದದ್ದನ್ನು ನಡೆದ ಹಾಗೆ ಬರೆಯೋದು ನಮ್ಮ ಕೆಲಸ.

ದೂರು ಇಷ್ಟುದ್ದ ಇದ್ದರೆ ಸಾಕು: "ಇಂಥ ದಿನ ರಾತ್ರಿ ಸುಮಾರು 8.45ಕ್ಕೆ ಹಾಸನ ಹೊಸ ಬಸ್ ನಿಲ್ದಾಣದಲ್ಲಿ ಚಿಕ್ಕಮಗಳೂರು ಕಡೆಗೆ ಹೋಗುವ ಈ ನಂಬರಿನ ಬಸ್ ಹತ್ತುವಾಗ ಯಾರೋ ನನ್ನ ಪ್ಯಾಂಟಿನ ಬಲಗಡೆ ಜೇಬನ್ನು ಬ್ಲೇಡಿನಿಂದ ಕತ್ತರಿಸಿ ಮೊಬೈಲ್ ಫೋನ್ ಮತ್ತು ಹಿಂದಿನ ಜೇಬಿನಿಂದ ಪರ್ಸ್ ಕಳವು ಮಾಡಿರುತ್ತಾರೆ." ಅದರ ಕೆಳಗೆ ಫೋನಿನ ಕಂಪನಿ, ಬಣ್ಣ, ಐಎಂಇಐ, ಪರ್ಸಲ್ಲಿದ್ದ ದುಡ್ಡು, ಕಾರ್ಡುಗಳು. ಬಸ್ ಸ್ಟ್ಯಾಂಡಿನ ಸಿಸಿಟಿವಿ ನೋಡಿ ಅಂತಲೂ ಒಂದು ಸಾಲು ಸೇರಿಸಿ. ಹಳೇ ದೃಶ್ಯದ ಮೇಲೆ ಹೊಸದು ಕೂರುತ್ತದೆ, ಹಾಗಾಗಿ ತಡ ಮಾಡಬಾರದು.

ಐಎಂಇಐ ಅಂದರೆ ಫೋನಿನ ಹದಿನೈದು ಅಂಕಿಯ ನಂಬರ್. ಫೋನಿನ ಡಬ್ಬದ ಮೇಲೆ, ಬಿಲ್ಲಲ್ಲಿ ಇರುತ್ತದೆ. ಡಬ್ಬ ಗುಜರಿಗೆ ಹಾಕಿದ್ದರೆ ಈಗಲೇ *#06# ಒತ್ತಿ ಬರೆದಿಟ್ಟುಕೊಳ್ಳಿ.

ಮರುದಿನದ ಕೆಲಸ

ಅದೇ ನಂಬರಿಗೆ ಹೊಸ ಸಿಮ್ ತಗೊಳ್ಳಿ. ಹೊಸ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಅದು ಸಿಮ್ ಕೆಟ್ಟಿದ್ದಲ್ಲ, ಮೋಸ ತಡೆಯಲು ಮಾಡಿರುವ ನಿಯಮ, ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಒಟಿಪಿ ಬರಲು ಶುರುವಾದ ಮೇಲೆ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಕಳೆದ ಫೋನ್ ಬ್ಲಾಕ್ ಮಾಡುವ ಜಾಗಕ್ಕೆ ಹೋಗಿ ಐಎಂಇಐ, ಪೊಲೀಸ್ ದೂರಿನ ಪ್ರತಿ, ನಿಮ್ಮ ಗುರುತಿನ ಚೀಟಿ ಹಾಕಿ. ಸಿಇಐಆರ್ ಅಂತ ಇದರ ಹೆಸರು, 2023ರ ಮೇನಲ್ಲಿ ದೇಶಕ್ಕೆಲ್ಲ ಬಂತು. ಬ್ಲಾಕ್ ಆದ ಫೋನಿಗೆ ಬೇರೆ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ, ಯಾರಾದರೂ ಹಾಕಿ ನೋಡಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಫೋನ್ ವಾಪಸ್ ಸಿಕ್ಕಿದರೆ ಅಲ್ಲೇ ಅನ್‌ಬ್ಲಾಕ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಗೂಡಲ್ಲಿಡುವ ಬೊಂಬೆ.

ಕೆಲವು ದಿನ ಬಿಟ್ಟು ಒಂದು ಮೆಸೇಜ್ ಬರಬಹುದು, "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿ" ಅಂತ. ಕಳುಹಿಸುವವನು ಕಳ್ಳ, ಇಲ್ಲವೇ ಅವನಿಂದ ಕೊಂಡವನು. ಫೋನ್ ತೆರೆಯಲಾಗದೆ ನಿಮ್ಮನ್ನೇ ಕೇಳುತ್ತಿದ್ದಾನೆ. ನಿಮ್ಮ ಖಾತೆಯಿಂದ ಆ ಫೋನನ್ನು ತೆಗೆದುಹಾಕಿ ಅಂದರೂ ತೆಗೆಯಬೇಡಿ.

ಆಧಾರ್, ಲೈಸೆನ್ಸ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಎರಡೂ ಆನ್‌ಲೈನಲ್ಲಿ ಮತ್ತೆ ಸಿಗುತ್ತವೆ, ಅಲ್ಲಿಯವರೆಗೆ ಡಿಜಿಲಾಕರ್ ನಡೆಯುತ್ತದೆ. ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಂಗಸರಿಗೆ ಮಾತ್ರ ಒಂದು ಮಾತು. ಬಸ್ಸಲ್ಲಿ ದಿನಾ ಗುರುತಿನ ಚೀಟಿ ತೆಗೆಯಬೇಕು, ಹಾಗಾಗಿ ಪರ್ಸ್ ದಿನಾ ಎಲ್ಲರ ಕಣ್ಣಿಗೆ ಬೀಳುತ್ತದೆ. ಚೀಟಿಯನ್ನು ಬೇರೆ ಸಣ್ಣ ಪೌಚಲ್ಲಿಡಿ, ದುಡ್ಡಿನ ಪರ್ಸ್ ಬ್ಯಾಗಿನ ತಳದಲ್ಲಿರಲಿ.

ಹಾಸನಾಂಬ ಜಾತ್ರೆ ಸಮಯದಲ್ಲಿ ಹಾಸನದ ಬಸ್ ಸ್ಟ್ಯಾಂಡಿಗೆ ಹೋಗುವವರಿಗೆ ಇದೆಲ್ಲ ಎರಡು ಪಟ್ಟು. ಬಾಗಿಲಲ್ಲಿ ಯಾರಾದರೂ ಚಿಲ್ಲರೆ ಬೀಳಿಸಿದರೆ ಚಿಲ್ಲರೆ ನೋಡಬೇಡಿ, ಕೈ ಜೇಬಿನ ಮೇಲಿಡಿ. ಗೆಳೆಯರಿಗೆ ಕೈ ಬೀಸೋದು ಕಿಟಕಿ ಪಕ್ಕ ಕೂತ ಮೇಲೆ.

ನನ್ನ ಫೋನ್ ಇನ್ನೂ ಸಿಕ್ಕಿಲ್ಲ. ವೈನ್ ಶಾಪಿನ ದುಡ್ಡಿಗೆ ಬ್ಯಾಂಕಿಗೆ ತಿರುಗುತ್ತಿದ್ದೇನೆ. ಪ್ಯಾಂಟ್ ಹೊಸದು, ಬಿಸಾಡಲು ಮನಸ್ಸು ಬರಲಿಲ್ಲ, ಟೈಲರ್ ಹತ್ತಿರ ತಗೊಂಡು ಹೋದೆ. ಆತ ಸೀಳನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, "ಒಳ್ಳೇ ಕೈ ಸಾರ್, ಬಟ್ಟೆ ಒಂಚೂರೂ ಎಳೆದಿಲ್ಲ" ಅಂದ. ಒಳಗಡೆ ಜಿಪ್ ಇರೋ ಕಳ್ಳಜೇಬು ಹೊಲಿಯಲು ಹೇಳಿ ಬಂದಿದ್ದೇನೆ.