ಅಮ್ಮನ ಒಂದೆಲಗ

ಏಪ್ರಿಲ್ ಮೊದಲ ವಾರ. ಊರಿಂದ ನ್ಯೂಜೆರ್ಸಿಗೆ ಬಂದಿದ್ದ ಅಮ್ಮ ಹಿತ್ತಲಲ್ಲಿ ಬಗ್ಗಿ, "ಏನೋ, ಇಲ್ಲೂ ಒಂದೆಲಗ ಬರುತ್ತಾ? ಮಜ್ಜಿಗೆ ಇದ್ರೆ ತಂಬುಳಿ ಮಾಡ್ತೀನಿ" ಅಂದಳು. ಹೂ ಇನ್ನೂ ಬಿಟ್ಟಿರಲಿಲ್ಲ. ಎಲೆ ನೋಡಿದರೆ ನನಗೂ ಅನುಮಾನ.

ಒಂದು ಬುಡ ಅಗೆದು ತೆಗೆದೆ. ಒಂದೆಲಗವಾದರೆ ಬಳ್ಳಿ ಹರಿದು, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಇದರಲ್ಲಿ ಬಳ್ಳಿಯೇ ಇಲ್ಲ. ಶುಂಠಿ ಚೂರಿನಂಥ ಗಡ್ಡೆ, ಅದರಿಂದಲೇ ನೇರ ಎದ್ದ ತೊಟ್ಟುಗಳು. ಎಲೆಯ ತುದಿಯೂ ಸ್ವಲ್ಪ ಚೂಪು. ತಂಬುಳಿ ನಿಂತಿತು.

ಹದಿನೈದು ದಿನಕ್ಕೆ ನೇರಳೆ ಹೂ ಬಂತು. ವಯೋಲಾ ಸೊರೋರಿಯಾ, ಇಲ್ಲಿನವರ ಬಾಯಲ್ಲಿ ಕಾಮನ್ ಬ್ಲೂ ವಯಲೆಟ್. ಲಾನ್ ಪ್ರಿಯರಿಗೆ ಕಳೆ, ಆದರೆ 1971ರಲ್ಲಿ ಇದನ್ನೇ ರಾಜ್ಯದ ಹೂವೆಂದು ಕಾನೂನು ಮಾಡಿದ್ದಾರೆ!

ಬಣ್ಣ ನಂಬಿ ನಾನು ಮೋಸ ಹೋಗಿದ್ದೇನೆ. ಬಿಳಿ ದಳದ ಮೇಲೆ ನೀಲಿ ಗೀರಿದ್ದ ಹೂವನ್ನು ಬೇರೆ ಜಾತಿ ಅಂತ ಬರೆದಿಟ್ಟಿದ್ದೆ. ಅದೂ ಸೊರೋರಿಯಾನೇ.

ನಿಜವಾದ ತಲೆನೋವು ಇದನ್ನೇ ಹೋಲುವ ಇನ್ನೊಂದು ವಯಲೆಟ್ ಜಾತಿ, ವಯೋಲಾ ಕುಕುಲ್ಲಾಟಾ. ಅದು ತೊರೆಯ ಪಕ್ಕದ ಜೌಗಿನಲ್ಲಿ ಸಿಕ್ಕಿತು. ಹೂಗಳು ಎಲೆಗಳಿಗಿಂತ ಚೆನ್ನಾಗಿ ಮೇಲೆದ್ದಿದ್ದವು, ಗಂಟಲಿನ ಬಳಿ ಬಣ್ಣ ಗಾಢ. ಎರಡರಿಂದಲೂ ಒಂದೊಂದು ಹೂ ಕಿತ್ತು, ಪಕ್ಕದ ದಳಗಳ ಬುಡವನ್ನು ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದೆ. ಹಿತ್ತಲಿನದರಲ್ಲಿ ಸಣ್ಣ ದಾರದಂಥ ಕೂದಲು. ತೊರೆಯದರಲ್ಲಿ ಗಿಡ್ಡ ಕೂದಲು, ತುದಿ ಬೆಂಕಿಕಡ್ಡಿಯ ಹಾಗೆ ಉಬ್ಬಿತ್ತು. ಒಮ್ಮೆ ಕಂಡರೆ ಮರೆಯುವುದಿಲ್ಲ. ಯುರೋಪಿನಿಂದ ಬಂದ ಮತ್ತೊಂದು ವಯಲೆಟ್, ಓಡೊರಾಟಾ, ಗುರುತಿಸುವುದು ಸುಲಭ, ಘಮ ಬರುತ್ತದೆ, ನೆಲದ ಮೇಲೆ ಬಳ್ಳಿ ಹರಿಸುತ್ತದೆ.

ಸೊರೋರಿಯಾದ ಎಳೆ ಎಲೆ, ಹೂ ತಿನ್ನಬಹುದು. ಆದರೆ ಅದೇ ಹೊತ್ತಿಗೆ ಲೆಸ್ಸರ್ ಸೆಲಂಡೈನ್ ಅನ್ನೋ ಬೇರೆ ಗಿಡ ಕೂಡ ಚಿಗುರುತ್ತದೆ. ಅದರ ಹಸಿ ಎಲೆ ವಿಷ. ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಅಂಚಿನಲ್ಲಿ ಗರಗಸದ ಹಲ್ಲಿಲ್ಲ, ಹೂ ಹಳದಿ. ಹಾಗಾಗಿ ಹೂ ಕಾಣುವವರೆಗೆ ನಾನು ಒಂದೆಲೆಯನ್ನೂ ಅಡುಗೆಮನೆಗೆ ತರುವುದಿಲ್ಲ.

ಹೂ ಮುಗಿದ ಮೇಲೂ ಒಂದು ಗುರುತು ಉಳಿದಿರುತ್ತದೆ. ಆಗಸ್ಟಿನಲ್ಲಿ ಎಲೆ ಸರಿಸಿದರೆ ಅರಳದ ಮೊಗ್ಗುಗಳು ಸಿಗುತ್ತವೆ. ಅವು ಅರಳುವುದೇ ಇಲ್ಲ, ಒಳಗೇ ಪರಾಗಸ್ಪರ್ಶವಾಗಿ ಕಾಯಿ ಕಟ್ಟುತ್ತದೆ. ಸೊರೋರಿಯಾದಲ್ಲಿ ಅವು ಮಣ್ಣಿಗೆ ಒರಗಿರುತ್ತವೆ, ಕುಕುಲ್ಲಾಟಾದಲ್ಲಿ ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತಿರುತ್ತವೆ.

ಬೇಲಿ ಪಕ್ಕದ ಒಂದು ಗಿಡದಲ್ಲಿ ಎರಡರ ಲಕ್ಷಣವೂ ಇದೆ. ಈ ಗುಂಪಿನಲ್ಲಿ ಬೆರಕೆ ಜಾಸ್ತಿ. ಅದರ ಹೆಸರಿನ ಜಾಗ ಸುಮ್ನೆ ಖಾಲಿ ಬಿಟ್ಟಿದ್ದೇನೆ.