ಹಾಸಿನ ಮೇಲೆ ಅಚ್ಚು

ನಾನು ಕಲಿತದ್ದು ಮರ ಕೆತ್ತಿ ಅಚ್ಚು ಹಾಕುವ ವುಡ್‌ಕಟ್ ಮತ್ತು ಲೋಹದ ತಗಡನ್ನು ರಾಸಾಯನಿಕದಿಂದ ಕೊರೆದು ಅಚ್ಚು ಹಾಕುವ ಎಚ್ಚಿಂಗ್. ಮಗ್ಗದ ಸಹವಾಸ ಶುರುವಾದದ್ದು ಗುಳೇದಗುಡ್ಡದ ರವಿಕೆ ಬಟ್ಟೆಯಾದ ಖಣದ ಒಂದು ತುಂಡಿನಿಂದ. ಅದರ ನೇಯ್ಗೆಯನ್ನು ತಾಮ್ರದ ತಗಡಿಗೆ ಇಳಿಸಬೇಕೆಂಬ ಆಸೆ ಹುಟ್ಟಿತು. ಮೇಣಕ್ಕೆ ಕೊಬ್ಬು ಬೆರೆಸಿದ ಮೆದುವಾದ ಲೇಪವನ್ನು ತಗಡಿಗೆ ಬಳಿದು, ಮೇಲೆ ಖಣ ಹಾಸಿ ಪ್ರೆಸ್ಸಿನಲ್ಲಿ ಹಾಯಿಸಿದೆ. ಬಟ್ಟೆ ಎತ್ತುವಾಗ ಎಳೆ ಒತ್ತಿದ ಕಡೆಯ ಮೇಣವೂ ಅದರ ಜೊತೆ ಎದ್ದು ಬರುತ್ತದೆ. ಹಾಗೆ ಬಯಲಾದ ತಾಮ್ರವನ್ನು ಫೆರಿಕ್ ಕ್ಲೋರೈಡ್ ತಿನ್ನುತ್ತದೆ. ಒದ್ದೆ ಕಾಗದದ ಮೇಲೆ ಬಂದ ಪ್ರಿಂಟನ್ನು ಭೂತಗನ್ನಡಿ ಹಿಡಿದು ನೋಡಿದರೆ ನೂಲಿನ ಹೊಸೆತ ಕೂಡ ಕಾಣುತ್ತಿತ್ತು. ಚೆಂದವೇ ಇತ್ತು. ಆದರೆ ನೇಯ್ದು ಮುಗಿದ ಬಟ್ಟೆಯ ಗುರುತಷ್ಟೇ ಅದು. ನೇಯ್ಗೆ ನಡೆಯುವಾಗಲೇ ಚಿತ್ರವೂ ಅದರೊಳಗೆ ಸೇರಿಕೊಳ್ಳಬೇಕು ಅನಿಸತೊಡಗಿತು.

ಹಾಗಾಗಿ ನೇಯುವ ಮೊದಲೇ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆಯೇ ಅಚ್ಚು ಒತ್ತಲು ಹೊರಟೆ. ದಾರಿ ಹಳೆಯದೇ. 19ನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ನೇಕಾರರು ಮುದ್ರಿಸಿದ ಹಾಸಿನಿಂದ ಮಂಜು ಕವಿದಂತಿರುವ ಹೂವಿನ ಬಟ್ಟೆ ನೇಯುತ್ತಿದ್ದರು. ಅವರ ಉಪಾಯವನ್ನೇ ಹಿಡಿದೆ. ಬಿಡಿ ಎಳೆಗಳ ಮೇಲೆ ಮರದಚ್ಚು ಒತ್ತಿದರೆ ಎಳೆ ಜರುಗುತ್ತವೆ. ಅದಕ್ಕೆ ಅಲ್ಲಲ್ಲಿ ದೂರ ದೂರಕ್ಕೆ ತಾತ್ಕಾಲಿಕ ಹೊಕ್ಕು, ಅಂದರೆ ಅಡ್ಡ ಎಳೆ, ಹಾಕಿಕೊಂಡು, ಅಚ್ಚು ಒತ್ತಿ, ಆಮೇಲೆ ನೇಯುತ್ತಾ ಹೋದಂತೆ ಒಂದೊಂದೇ ಎಳೆದು ತೆಗೆಯಬೇಕು.

ಬಣ್ಣದ ವಿಷಯಕ್ಕೆ ಹೆಚ್ಚು ಕಾಲ ಕೊಟ್ಟೆ, ಕೊಡಲೇಬೇಕು. ಕಾಗದಕ್ಕೆ ಬಳಸುವ ಎಣ್ಣೆಯ ಇಂಕು ನೂಲನ್ನು ಸೆಟೆಯಿಸುತ್ತದೆ, ಮಗ್ಗದ ಹಣಿಗೆಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಚ್ಚೊತ್ತಿದ ಅಜ್ರಕ್ ಬಟ್ಟೆ ಮಾಡುವವರ ಕಪ್ಪು ನನಗೆ ಒಗ್ಗಿತು. ಹತ್ತಿಯ ಲಡಿಗಳನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸುತ್ತೇನೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ, ಸೋಸಿ, ಹುಣಸೆಬೀಜದ ಹಿಟ್ಟಿನಿಂದ ಗಟ್ಟಿ ಮಾಡಿದರೆ ಅಚ್ಚಿಗೆ ಹಿಡಿಯುವ ಹದ ಬರುತ್ತದೆ. ಒತ್ತಿದಾಗ ಮಾಸಲು ಬೂದಿ. ಅಳಲೆಯ ಒಗರು ಕಬ್ಬಿಣವನ್ನು ಹಿಡಿಯುತ್ತಿದ್ದಂತೆ ಕಣ್ಣೆದುರೇ ಕಪ್ಪಾಗುತ್ತಾ ಹೋಗುತ್ತದೆ. ಕಬ್ಬಿಣ ಹೆಚ್ಚಾದರೆ ಹತ್ತಿಯ ಸತ್ವ ಹೋಗಿ, ಹಾಸಿನ ಎಳೆ ಮಗ್ಗದ ಎಳೆತಕ್ಕೆ ತಾಳುವುದಿಲ್ಲ. ಕಡುಗಪ್ಪಿನ ಆಸೆ ಬಿಟ್ಟು ಒಂದು ಮೆಟ್ಟಿಲು ಕೆಳಗೇ ನಿಲ್ಲುವುದು ಒಳ್ಳೆಯದು. ಗಂಜಿಯನ್ನು ಅಚ್ಚು ಹಾಕಿ ಒಣಗಿದ ಮೇಲೆ ಕೊಡಬೇಕು. ಮೊದಲೇ ಕೊಟ್ಟರೆ ಬಣ್ಣ ಗಂಜಿಯ ಮೇಲೆ ಕೂತು, ಒಗೆದಾಗ ಅದರ ಜೊತೆಗೇ ಹೋಗುತ್ತದೆ.

ನೇಯ್ದದ್ದು ಇಳಕಲ್ಲಿನ ಒಬ್ಬ ಹಿರಿಯ ನೇಕಾರರ ಕುಣಿಮಗ್ಗದಲ್ಲಿ. ಮುದ್ರಿಸಿದ ಹಾಸು ನೋಡಿದವರೇ ಅವರು, "ಅಕ್ಕಾರ, ಇದರಾಗ ಅರ್ಧ ಬಣ್ಣ ಹೊಕ್ಕು ತಿಂತೈತಿ ನೋಡ್ರಿ" ಅಂದರು. "ತಿನ್ನಲಿ ಕಾಕಾ, ಎಷ್ಟು ತಿಂತದ ನೋಡೂಣು" ಅಂದೆ. ಸಾದಾ ನೇಯ್ಗೆಯಲ್ಲಿ ಬಿಳಿ ಹೊಕ್ಕು ಹಾಕಿದಾಗ ಅವರು ಹೇಳಿದಂತೆಯೇ ಕಪ್ಪೆಲ್ಲ ಬೂದಿಯಾಯಿತು. ಎಳೆ ದಟ್ಟವಾಗಿ ತುಂಬಿದ ಹಾಸಿಗೆ ಸಣ್ಣ ನೂಲಿನ ಹೊಕ್ಕು ಕೊಟ್ಟಾಗ ಚಿತ್ರ ಮತ್ತೆ ಮೇಲೆದ್ದಿತು.

ನನ್ನ ಕೆತ್ತನೆಯ ಕೈಯನ್ನೇ ಬದಲಿಸಿದ ಸಂಗತಿ ಇನ್ನೊಂದು. ನೇಯುವಾಗ ಒಂದೊಂದು ಎಳೆಯ ಬಿಗಿ ಒಂದೊಂದು ಥರ. ಪ್ರತಿಯೊಂದೂ ಉದ್ದಕ್ಕೆ ಕೂದಲೆಳೆಯಷ್ಟು ಜಾರುತ್ತದೆ. ಹಾಗಾಗಿ ಹಾಸಿನ ಗುಂಟ ಓಡುವ ಗೆರೆ ನೆಟ್ಟಗೆ ಉಳಿಯುತ್ತದೆ, ಅಡ್ಡ ಗೆರೆ ಗರಿಗರಿಯಾಗಿ ಚದುರುತ್ತದೆ. ಬಾದಾಮಿಯ ಬಂಡೆಯ ಚಿತ್ರ ಆರಿಸಿಕೊಂಡದ್ದು ಇದಕ್ಕಾಗಿಯೇ. ಮೇಲಿಂದ ಕೆಳಕ್ಕೆ ಬಿರಿದ ಸೀಳುಗಳು ಚಾಣದಿಂದ ಕೊರೆದಷ್ಟೇ ಚೂಪಾಗಿ ಬಂದವು. ಮರಳುಗಲ್ಲಿನ ಅಡ್ಡ ಪದರಗಳು ಮಳೆಗಾಳಿಗೆ ಸವೆದ ಹಾಗೆ ಕರಗಿದವು. ಆ ಸವೆತವನ್ನು ನಾನು ಕೈಯಾರೆ ಕೆತ್ತಲಾರೆ. ಜೊತೆಗೆ, ಹೊಕ್ಕಿನ ಮೇಲೆ ಏರಿ ಇಳಿಯುವ ಹಾಸು ಉದ್ದದಲ್ಲಿ ಕುಗ್ಗುತ್ತದೆ. ನಾನು ಮೊಳಕ್ಕೆ ಎರಡು ಬೆರಳಿನಷ್ಟು ಚಿತ್ರವನ್ನು ಉದ್ದ ಮಾಡಿಯೇ ಕೆತ್ತುತ್ತೇನೆ.

ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ನೇಯ್ಗೆ ಕಲಿತ ಆನಿ ಆಲ್ಬರ್ಸ್ 1963ರಲ್ಲಿ ಲಾಸ್ ಏಂಜಲೀಸ್‌ನ ಟ್ಯಾಮರಿಂಡ್ ಕಾರ್ಯಾಗಾರದಲ್ಲಿ ಕಲ್ಲಚ್ಚಿನ ಚಿತ್ರ, ಲಿಥೊಗ್ರಾಫ್ ಮಾಡತೊಡಗಿ, ಕೆಲವೇ ವರ್ಷಗಳಲ್ಲಿ ಮಗ್ಗವನ್ನೇ ಬಿಟ್ಟು ಮುದ್ರಣಕ್ಕೆ ನಿಂತರು. ಆ ನಿರ್ಧಾರದ ಬಗ್ಗೆ ಗೌರವವಿದೆ. ನನಗೆ ಮಾತ್ರ ಎರಡರಲ್ಲಿ ಒಂದನ್ನೂ ಬಿಡುವ ಮನಸ್ಸಿಲ್ಲ. ಅವು ಒಂದರ ಕೆಲಸವನ್ನು ಇನ್ನೊಂದು ಕೆಡಿಸಿ ತಿದ್ದುವ ಜಾಗವೇ ನನಗೆ ಬೇಕಾದದ್ದು.

ಈಗ ಕೈಯಲ್ಲಿರುವ ಕೆಲಸ ಇಳಕಲ್ಲಿನ ಕೊಂಡಿಯದು. ಅಲ್ಲಿ ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದೇ ರೀತಿ, ಮುದ್ರಿಸಿದ ಗಿಡ್ಡ ಹಾಸನ್ನು ಸಾದಾ ಹಾಸಿಗೆ ಕೂಡಿಸುತ್ತಿದ್ದೇವೆ. ಇಡೀ ಉದ್ದಕ್ಕೂ ಅಚ್ಚು ಹಾಕುವ ಶ್ರಮ ಉಳಿಯುತ್ತದೆ. ಚಿತ್ರ ಎಲ್ಲಿ ಶುರುವಾಗಬೇಕೋ ಅಲ್ಲಿಯೇ ಕೊಂಡಿಗಳ ಸಾಲು ಅಂಚಾಗಿ ನಿಲ್ಲುತ್ತದೆ. ಕೊಂಡಿ ಹಾಕುವುದು ಕಾಕಾನ ಮನೆಯವರ ಕೈಚಳಕ. ನಾನಿನ್ನೂ ಅವರ ಪಕ್ಕ ಕೂತು ಕಲಿಯುತ್ತಿದ್ದೇನೆ.